ತಿರುಪಿನ ಕುಳಿಯಲ್ಲಿ ಕುಳಿತ ಕೊಳೆ

300 ಗಜದಾಚೆಯ ಗುರಿಹಲಗೆಯನ್ನು ಕಣ್ಣೆದುರಿಗೆ ತಂದು ನಿಲ್ಲಿಸುವ ದುರ್ಬೀನೊಂದನ್ನು ತಿಂಗಳ ಸಂಬಳದಷ್ಟು ಹಣ ತೆತ್ತು ಕೊಂಡು, ಬಂದೂಕಿನ ನೆತ್ತಿಯ ಮೇಲೆ ಅದನ್ನು ಕೂರಿಸಿ, ಮೊದಲ ದಿನ ಗುಂಡುಗಳೆಲ್ಲ ಎರಡು ಬೆರಳಗಲದೊಳಗೆ ಬಿದ್ದುದನ್ನು ಕಂಡು ಹಿಗ್ಗಿದ ಅಮೆರಿಕದ ಬೇಟೆಗಾರನು, ಮರುವಾರ ಅವೇ ಗುಂಡುಗಳು ಗೇಣಗಲಕ್ಕೆ ಚೆದುರಿಹೋದುದನ್ನು ಕಂಡಾಗ ಮೊದಲು ಶಪಿಸುವುದು ಗಾಜನ್ನು. ಅನಂತರ ತೋಟಾವನ್ನು, ಆಮೇಲೆ ಗಾಳಿಯನ್ನು, ಕಟ್ಟಕಡೆಗೆ, ಬೇರಾರೂ ಕೇಳಿಸಿಕೊಳ್ಳದಂತೆ, ತನ್ನ ಹೆಗಲನ್ನು. ದುರ್ಬೀನಿಗೂ ಬಂದೂಕಿಗೂ ಇರುವ ಸಂಬಂಧವೆಲ್ಲ ಮೂರೂವರೆ ಮಿಲಿಮೀಟರು ದಪ್ಪದ ನಾಲ್ಕು ತಿರುಪುಮೊಳೆಗಳ ಮೇಲೆ ನಿಂತಿದೆಯೆಂಬುದೂ, ಆ ತಿರುಪುಗಳು ಇಳಿಯುವ ಕುಳಿಗಳೊಳಗೆ ಹಿಂದಿನ ಯಾವನೋ ಕುಶಲಿಯು ಸುರಿದ ಅಂಟೋ, ಕಾರ್ಖಾನೆಯಲ್ಲಿ ಉಳಿದ ಲವಣವೋ, ಹತ್ತು ಮಳೆಗಾಲಗಳ ತುಕ್ಕೋ ಮನೆಮಾಡಿಕೊಂಡಿರಬಹುದೆಂಬುದೂ ಅವನ ಎಣಿಕೆಗೆ ಬರುವುದು ತೀರ ತಡವಾಗಿ. ಬಂದೂಕು ದುರಸ್ತಿಯ ಅಂಗಡಿಗಳಿಗೆ ಬರುವ ‘ಕೆಟ್ಟ ದುರ್ಬೀನು’ಗಳಲ್ಲಿ ಅನೇಕವು ಕೆಟ್ಟಿರುವುದಿಲ್ಲ, ಕೆಟ್ಟಿರುವುದು ಅವುಗಳ ಕೆಳಗಿನ ಕುಳಿ.

ಈ ಸಣ್ಣ ವಿಷಯಕ್ಕೆ ಒಂದು ವಿಚಿತ್ರವಾದ ವಂಶಾವಳಿ ಉಂಟು. ತಿರುಪಿನ ಎಳೆಗಳಿಗೆ ಮೊತ್ತಮೊದಲು ಒಂದು ದೇಶವ್ಯಾಪಿಯಾದ ಅಳತೆಯನ್ನು ಸೂಚಿಸಿದವನು ಇಂಗ್ಲೆಂಡಿನ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತ್; ಅದು 1841ರ ಮಾತು. ಅದಕ್ಕೆ ಮುನ್ನ ಒಂದು ಕಾರ್ಖಾನೆಯ ತಿರುಪು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಹೊಂದುತ್ತಿರಲಿಲ್ಲ; ಪ್ರತಿಯೊಬ್ಬ ಕಮ್ಮಾರನದೂ ಅವನದೇ ಅಳತೆ. ಎಳೆಯ ಕೋನ 55 ಡಿಗ್ರಿ ಇರತಕ್ಕದ್ದೆಂದು ಗೊತ್ತುಮಾಡಿದ ಈ ವಿಟ್‌ವರ್ತನೇ ಕೆಲವು ವರ್ಷಗಳ ಬಳಿಕ ಬಂದೂಕಿನ ಕಡೆಗೆ ತಿರುಗಿ, ಆರು ಮೂಲೆಯ ರಂಧ್ರವುಳ್ಳ ನಳಿಗೆಯೊಂದನ್ನು ನಿರ್ಮಿಸಿದನು. 1860ರಲ್ಲಿ ವಿಂಬಲ್‌ಡನ್ನಿನಲ್ಲಿ ರೈಫಲ್ ಸಂಘದ ಮೊದಲ ಸ್ಪರ್ಧೆಯನ್ನು ಉದ್ಘಾಟಿಸಿದ ವಿಕ್ಟೋರಿಯಾ ರಾಣಿಯು, ಕಬ್ಬಿಣದ ಪೀಠಕ್ಕೆ ಬಿಗಿದಿಟ್ಟಿದ್ದ ವಿಟ್‌ವರ್ತ್ ಬಂದೂಕಿನ ದಾರವನ್ನೆಳೆದು 400 ಗಜ ದೂರದ ಗುರಿಯ ನಡುಮಧ್ಯಕ್ಕೆ ಗುಂಡನ್ನು ಕಳುಹಿಸಿದಳು. ಅದೇ ಬಂದೂಕು, ಪಕ್ಕದಲ್ಲಿ ಡೇವಿಡ್‌ಸನ್ ಎಂಬಾತನ ಹೆಸರಿನ ಉದ್ದನೆಯ ದುರ್ಬೀನನ್ನು ತಗಲಿಸಿಕೊಂಡು, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಗುರಿಕಾರರ ಕೈ ಸೇರಿತು. 1864ರ ಮೇ 9ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ಉತ್ತರದ ಸೇನಾನಿ ಜಾನ್ ಸೆಜ್‌ವಿಕ್ಕನನ್ನು ಕೊಂದ ಗುಂಡು ವಿಟ್‌ವರ್ತ್ ಬಂದೂಕಿನದೆಂಬುದು ಬಹುಮಂದಿಯ ನಂಬಿಕೆ. ತಿರುಪಿನ ಶಿಸ್ತೂ ದುರ್ಬೀನು ಹೊತ್ತ ಬಂದೂಕೂ ಒಬ್ಬನೇ ಪುರುಷನ ಹೆಸರಿನಲ್ಲಿ ಬಂದು ಕೂಡುವುದು ಇತಿಹಾಸದ ಚಮತ್ಕಾರಗಳಲ್ಲೊಂದು.

ಸೆಜ್‌ವಿಕ್ಕನು ಮಡಿದ ವರ್ಷವೇ, ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ವಿಲಿಯಂ ಸೆಲ್ಲರ್ಸ್ ಎಂಬ ಯಂತ್ರೋದ್ಯಮಿಯು ವಿಟ್‌ವರ್ತನ ಎಳೆ ಕಡೆಯಲು ಕಷ್ಟವಾದುದೆಂದು ವಾದಿಸಿ, 60 ಡಿಗ್ರಿಯ, ತುದಿ ಚಪ್ಪಟೆಯಾದ ಎಳೆಯನ್ನು ಮುಂದಿಟ್ಟನು. ಸಮುದ್ರದ ಈಚೆಗೊಂದು ಕೋನ, ಆಚೆಗೊಂದು ಕೋನ. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿದ್ದೂ ಒಬ್ಬರ ತಿರುಪು ಇನ್ನೊಬ್ಬರ ಯಂತ್ರಕ್ಕೆ ಹೊಂದದೆ ಪಟ್ಟ ಪಾಡು ಅಷ್ಟಿಷ್ಟಲ್ಲ. 1948ರ ನವೆಂಬರಿನಲ್ಲಿ ಬ್ರಿಟನ್, ಅಮೆರಿಕ, ಕೆನಡಾಗಳು ವಾಷಿಂಗ್‌ಟನ್ನಿನಲ್ಲಿ ಕುಳಿತು ಏಕರೂಪದ ಅಳತೆಗೆ ರುಜು ಹಾಕಿದುವು. ಆದರೆ ಬಂದೂಕು ತಯಾರಿಸುವವರು ಹಟಮಾರಿಗಳು. ದುರ್ಬೀನನ್ನು ಬಂದೂಕಿನ ಮೈಗೆ ಜೋಡಿಸುವ ತಳಪಟ್ಟಿಗಾಗಿ ಅವರು ಬಹುಕಾಲದಿಂದ ಬಳಸಿಕೊಂಡು ಬಂದ ತಿರುಪು ‘6-48’. ಎಂದರೆ, ಆರನೆಯ ನಂಬರಿನ ದಪ್ಪ, ಅಂಗುಲಕ್ಕೆ 48 ಎಳೆ. ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕುವ ಆರನೆಯ ನಂಬರಿನ ತಿರುಪುಗಳಲ್ಲಿ ಎಳೆಗಳು ಅಂಗುಲಕ್ಕೆ 32 ಅಥವಾ 40. ಕಣ್ಣಿಗೆ 40ಕ್ಕೂ 48ಕ್ಕೂ ಭೇದ ತಿಳಿಯದು. ಎಳೆಯಿಂದೆಳೆಗೆ ಇರುವ ಅಂತರ ಒಂದರಲ್ಲಿ 0.635 ಮಿಲಿಮೀಟರು, ಇನ್ನೊಂದರಲ್ಲಿ 0.53. ಮೊದಲ ಎರಡು ಸುತ್ತು ತಪ್ಪು ತಿರುಪು ಸಲೀಸಾಗಿ ಇಳಿಯುತ್ತದೆ. ಮೂರನೆಯ ಸುತ್ತಿಗೆ ಬಿಗಿಯುತ್ತದೆ. ‘ಕೊಳೆ ಇದ್ದೀತು’ ಎಂದು ಬಗೆದು ಬಲವಂತದಿಂದ ತಿರುಗಿಸಿದವನು ಕುಳಿಯ ಮೂಲ ಎಳೆಯನ್ನು ಉತ್ತು ಹಾಕಿರುತ್ತಾನೆ. ಕೆಟ್ಟ ಕುಳಿಗಳ ಒಂದು ದೊಡ್ಡ ಪಾಲು ಹುಟ್ಟುವುದು ಹೀಗೆ.

ಇನ್ನೊಂದು ಪಾಲು ಹುಟ್ಟಿದ್ದು ಅಗ್ಗದ ಕಾಲದಲ್ಲಿ. 1930ರಲ್ಲಿ ವೀವರ್ ಎಂಬ ಯುವಕನು 19 ಡಾಲರಿಗೆ ಒಂದು ದುರ್ಬೀನನ್ನು ಮಾರತೊಡಗಿದಾಗ, ಅದುವರೆಗೆ ಶ್ರೀಮಂತರ ವಿಲಾಸವಾಗಿದ್ದ ಈ ಸಾಧನವು ರೈತನ ಕೊಟ್ಟಿಗೆಯವರೆಗೂ ಇಳಿದು ಬಂತು. ವಿಂಚೆಸ್ಟರ್ ಕಂಪನಿಯು 1936ರಲ್ಲಿ ಹೊರತಂದ ತನ್ನ ‘ಮಾಡೆಲ್ 70’ ಬಂದೂಕಿನ ಮೈಯಲ್ಲಿ ಕಾರ್ಖಾನೆಯಲ್ಲಿಯೇ ಕುಳಿ ಕೊರೆದು ಕೊಡಲಾರಂಭಿಸಿತು. ಆದರೆ ಯುದ್ಧ ಮುಗಿದ ಮೇಲೆ ಮೌಸರ್, ಸ್ಪ್ರಿಂಗ್‌ಫೀಲ್ಡ್, ಎನ್‌ಫೀಲ್ಡ್ ಬಂದೂಕುಗಳು ರಾಶಿರಾಶಿಯಾಗಿ, ತೀರ ಅಗ್ಗವಾಗಿ, ಪೇಟೆಗೆ ಬಂದುವಷ್ಟೆ. ಅವುಗಳಲ್ಲಿ ಅಂಥ ಕುಳಿಗಳಿರಲಿಲ್ಲ. ಮನೆಯ ಹಿತ್ತಲಿನ ಷೆಡ್ಡಿನಲ್ಲಿ, ಕೈಬೈರಿಗೆ ಹಿಡಿದು, ಕಣ್ಣಂದಾಜಿನಲ್ಲಿ ಕೊರೆದ ಕುಳಿಗಳು ಆ ಬಂದೂಕುಗಳ ನೆತ್ತಿಯ ಮೇಲೆ ಇಂದಿಗೂ ವಕ್ರವಾಗಿ ಕುಳಿತಿವೆ: ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಅರ್ಧಕ್ಕೇ ನಿಂತು, ಒಂದರೊಳಗೆ ಎಳೆ ಕೊರೆಯುವ ಟ್ಯಾಪಿನ ಮುರಿದ ತುಂಡು ಸಮಾಧಿಯಾಗಿ. ತಾತನಿಂದ ಮೊಮ್ಮಗನಿಗೆ ಬಂದ ಅಂಥ ಬಂದೂಕನ್ನು ದುರಸ್ತಿಗಾರನ ಮೇಜಿನ ಮೇಲಿಟ್ಟಾಗ ಅವನು ಮೊದಲು ನೋಡುವುದು ನಳಿಗೆಯನ್ನಲ್ಲ, ಈ ಕುಳಿಗಳನ್ನು.

ಕೊಳೆಯಿಂದ ಏನು ಕೇಡು? ತಿರುಪು ಹೇಗೂ ಬಿಗಿಯಾಗಿ ಕುಳಿತಿದೆಯಲ್ಲ, ಇನ್ನಷ್ಟು ಬಿಗಿ ಇದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರುಂಟು. ಇಡೀ ವಿಷಯದ ಮರ್ಮ ಇರುವುದು ಇಲ್ಲಿಯೇ ಆದುದರಿಂದ ಸ್ವಲ್ಪ ಲೆಕ್ಕಕ್ಕೆ ಇಳಿಯುವುದು ಅನಿವಾರ್ಯ. 10 ಗ್ರಾಂ ತೂಕದ ಗುಂಡೊಂದು ಸೆಕೆಂಡಿಗೆ 850 ಮೀಟರು ವೇಗದಲ್ಲಿ ನಳಿಗೆಯಿಂದ ಹೊರಬೀಳುವುದೆಂದು ಇಟ್ಟುಕೊಳ್ಳೋಣ. ಬಂದೂಕಿನ ತೂಕ ಮೂರೂವರೆ ಕಿಲೋ. ಗುಂಡು ಮುಂದಕ್ಕೆ ಹೋದಷ್ಟೇ ಆವೇಗದಿಂದ ಬಂದೂಕು ಹಿಂದಕ್ಕೆ ಬರಲೇಬೇಕು. ಮದ್ದಿನ ಅನಿಲದ ಪಾಲನ್ನು ಬಿಟ್ಟರೂ ಅದರ ವೇಗ ಸೆಕೆಂಡಿಗೆ ಸುಮಾರು 2.4 ಮೀಟರು. ಈ ವೇಗವನ್ನು ಅದು ಪಡೆದುಕೊಳ್ಳುವುದು ಗುಂಡು ನಳಿಗೆಯೊಳಗಿರುವ ಒಂದೂವರೆ ಮಿಲಿಸೆಕೆಂಡಿಗೂ ಕಡಮೆ ಅವಧಿಯಲ್ಲಿ. ಎಂದರೆ ಬಂದೂಕು ಹಿಂದಕ್ಕೆ ನೆಗೆಯುವ ಸರಾಸರಿ ವೇಗೋತ್ಕರ್ಷವು ಭೂಮಿಯ ಗುರುತ್ವದ ನೂರೆಪ್ಪತ್ತು ಪಟ್ಟನ್ನು ಮೀರುತ್ತದೆ; ನೆತ್ತಿಯ ಮೇಲೆ ಕುಳಿತ ಅರ್ಧ ಕಿಲೋ ದುರ್ಬೀನು ತಾನಿದ್ದಲ್ಲಿಯೇ ಇರಬೇಕೆಂದು ಬಯಸುತ್ತದೆ; ಅದನ್ನು ತನ್ನೊಡನೆ ಎಳೆದುಕೊಂಡು ಹೋಗಲು ತಳಪಟ್ಟಿಯು ಹಾಕಬೇಕಾದ ಸರಾಸರಿ ಬಲ ಸುಮಾರು 90 ಕಿಲೋ ತೂಕಕ್ಕೆ ಸಮ.

ಈ ಬಲವನ್ನು ತಡೆಯುವವು ತಿರುಪುಗಳೆಂದು ಸಾಮಾನ್ಯರ ಊಹೆ. ವಾಸ್ತವವಾಗಿ ತಿರುಪುಗಳ ಕೆಲಸ ಅಡ್ಡ ನಿಂತು ತಡೆಯುವುದಲ್ಲ; ತಳಪಟ್ಟಿಯನ್ನು ಬಂದೂಕಿನ ಮೈಗೆ ಅಮುಕಿ ಹಿಡಿಯುವುದು. ಉಕ್ಕಿಗೂ ಉಕ್ಕಿಗೂ ನಡುವೆ ಹುಟ್ಟುವ ಘರ್ಷಣೆಯೇ ದುರ್ಬೀನನ್ನು ನಿಲ್ಲಿಸುವ ಶಕ್ತಿ. ತಯಾರಕರು ಸಾಮಾನ್ಯವಾಗಿ ಹೇಳುವ 20 ಅಂಗುಲ-ಪೌಂಡಿನಷ್ಟು ತಿರುಚುಬಲದಿಂದ ಬಿಗಿದ ಒಂದು 6-48 ತಿರುಪು, ಎಳೆಗಳು ಶುದ್ಧವಾಗಿದ್ದರೆ, 300 ಕಿಲೋ ತೂಕಕ್ಕೆ ಸಮನಾದ ಒತ್ತಡವನ್ನು ಕೊಟ್ಟೀತು. ನಾಲ್ಕು ತಿರುಪುಗಳಿಗೆ 1200 ಕಿಲೋ. ಅದರಲ್ಲಿ ಘರ್ಷಣೆಯಾಗಿ ಒದಗುವುದು ಆರನೆಯೋ ಏಳನೆಯೋ ಒಂದು ಪಾಲು, ಎಂದರೆ 180 ಕಿಲೋ ಆಸುಪಾಸು. ಬೇಕಾದುದು 90, ಇರುವುದು 180. ಈ ಇಮ್ಮಡಿಯ ಭದ್ರತೆಯೇ ಬೇಟೆಗಾರನ ಬಂಡವಾಳ.

ಕೊಳೆಯು ತಿಂದುಹಾಕುವುದು ಈ ಬಂಡವಾಳವನ್ನು. ಸ್ವಚ್ಛವಾದ ತಿರುಪಿನಲ್ಲಿ ಕೂಡ ಕೈ ಹಾಕಿದ ಶ್ರಮದ ಹತ್ತರಲ್ಲಿ ಒಂಬತ್ತು ಪಾಲು ತಲೆಯಡಿಯ ತಿಕ್ಕಾಟಕ್ಕೂ ಎಳೆಗಳ ತಿಕ್ಕಾಟಕ್ಕೂ ವ್ಯಯವಾಗಿ, ಒತ್ತಿ ಹಿಡಿಯುವ ಕೆಲಸಕ್ಕೆ ದಕ್ಕುವುದು ಹತ್ತರಲ್ಲೊಂದು ಪಾಲು ಮಾತ್ರ. ಎಳೆಗಳ ನಡುವೆ ಒಣಗಿದ ಅಂಟಿನ ಪುಡಿ ಸೇರಿದರೆ ಆ ಹತ್ತರಲ್ಲೊಂದೂ ಪುಡಿಯ ಪಾಲಾಗುತ್ತದೆ. ತಿರುಚುಮಾಪಕದ ಹಿಡಿ ‘ಟಕ್’ ಎಂದು 20 ಅನ್ನು ತೋರಿಸುತ್ತದೆ. ಅಂಗೈಗೆ ಬಿಗಿ ಹಿತವಾಗಿಯೇ ಭಾಸವಾಗುತ್ತದೆ. ತಳಪಟ್ಟಿ ಮಾತ್ರ ಬಂದೂಕಿನ ಮೈಯನ್ನು ಮುಟ್ಟಿಯೂ ಮುಟ್ಟದಂತಿರುತ್ತದೆ. ಹೊಸ್ತಿಲಲ್ಲಿ ಕಲ್ಲು ಸಿಕ್ಕಿಕೊಂಡ ಬಾಗಿಲು ಅಲ್ಲಾಡದೆ ನಿಂತುದರಿಂದ ಅಗುಳಿ ಬಿದ್ದಿದೆಯೆಂದು ತಿಳಿದವನ ಭ್ರಮೆ ಇದು. ಕುಳಿಯ ತಳದಲ್ಲಿ ಗಸಿ ಇದ್ದು ತಿರುಪಿನ ತುದಿ ಅದಕ್ಕೆ ತಾಗಿದರಂತೂ ಒತ್ತಡವೆಲ್ಲ ತಳಕ್ಕೇ ಹೋಗಿ ಪಟ್ಟಿಗೆ ಸೊನ್ನೆ. ಎಣ್ಣೆ ನಿಂತ, ತಳ ಮುಚ್ಚಿದ ಕುರುಡು ಕುಳಿಯಲ್ಲಿಯೂ ಹೀಗೆಯೇ: ದ್ರವವನ್ನು ಕುಗ್ಗಿಸಲು ಬಾರದು, ತಿರುಪು ಎಣ್ಣೆಯ ಮೇಲೆ ನಿಂತುಬಿಡುತ್ತದೆ.

ಪಟ್ಟಿ ಎಷ್ಟು ಅಲುಗಿದರೆ ಎಷ್ಟು ತಪ್ಪು? ತಳಪಟ್ಟಿಯ ಎರಡು ಆಧಾರಗಳ ನಡುವೆ 100 ಮಿಲಿಮೀಟರು ಅಂತರವಿದ್ದು, ಅವುಗಳಲ್ಲೊಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಪಕ್ಕಕ್ಕೆ ಸರಿದರೆ, 100 ಮೀಟರು ದೂರದಲ್ಲಿ ಗುಂಡು 10 ಸೆಂಟಿಮೀಟರು ಆಚೆ ಬೀಳುತ್ತದೆ. ದೃಷ್ಟಿಸಾಧನವು ಅಲುಗುವುದರ ಬೆಲೆ ನಮ್ಮವರಿಗೂ ಗೊತ್ತಿಲ್ಲದ್ದಲ್ಲ. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಸ್ವರ್ಣಪದಕ ಗೆದ್ದ ಅಭಿನವ್ ಬಿಂದ್ರಾ, ಅಂತಿಮ ಸುತ್ತಿಗೆ ಮುನ್ನ ಪರೀಕ್ಷೆಗೆಂದು ಹಾರಿಸಿದ ಗುಂಡು ಗುರಿಯ ನಡುವಿನಿಂದ ಬಹುದೂರ ಬಿದ್ದುದನ್ನು ಕಂಡು, ಬಂದೂಕಿನ ದೃಷ್ಟಿಸಾಧನ ಪಲ್ಲಟಗೊಂಡಿರುವುದನ್ನು ಅರಿತು, ಉಳಿದಿದ್ದ ಅಲ್ಪಾವಧಿಯಲ್ಲಿ ಅದನ್ನು ಸರಿಪಡಿಸಿಕೊಂಡು ಕಣಕ್ಕಿಳಿದವರು. ಅವರದು 10 ಮೀಟರು ದೂರದ ಏರ್ ರೈಫಲ್. ಅದರಲ್ಲಿ ದುರ್ಬೀನಿಲ್ಲ, ಅಲ್ಲಿ ಕೊಳೆಯ ಪ್ರಶ್ನೆಯೂ ಇರಲಿಲ್ಲ. ಆದರೂ ಕಣ್ಣಿನ ಸಾಧನವು ಕೂದಲೆಳೆಯಷ್ಟು ತಪ್ಪಿದರೆ ಏನಾದೀತೆಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಸಂಗ ಬೇರೆ ನೆನಪಾಗುವುದಿಲ್ಲ.

ಇನ್ನು ಕೊಳೆಯ ಬಗೆಗಳು. ಹೊಸ ಬಂದೂಕಿನ ಕುಳಿಗಳನ್ನು ಕಾರ್ಖಾನೆಯವರು ತಲೆಯಿಲ್ಲದ ಪುಟ್ಟ ತಿರುಪುಗಳಿಂದ ಮುಚ್ಚಿ ಕಳುಹಿಸುತ್ತಾರೆ. ಉಕ್ಕಿಗೆ ಕಪ್ಪು-ನೀಲಿ ಬಣ್ಣ ಕೊಡಲು ಬಂದೂಕನ್ನು ಕುದಿಯುವ ಲವಣದ್ರಾವಣದಲ್ಲಿ ಅದ್ದುವ ಪದ್ಧತಿಯಿದೆಯಷ್ಟೆ. ಆ ಲವಣವು ಸಂದುಗಳಲ್ಲಿ ಉಳಿದುಬಿಟ್ಟರೆ ತಿಂಗಳುಗಳ ಮೇಲೆ ಗಾಳಿಯ ತೇವವನ್ನು ಹೀರಿ, ಮುಚ್ಚಳತಿರುಪಿನ ಸುತ್ತ ಬಿಳಿಯ ಹುರುಪೆಯಾಗಿ ಕಾಣಿಸಿಕೊಂಡು, ಅಡಿಯಲ್ಲಿ ಸದ್ದಿಲ್ಲದೆ ತುಕ್ಕು ಹಿಡಿಸುತ್ತದೆ. ಬಣ್ಣ ಬಳಿದ ಬಂದೂಕುಗಳಲ್ಲಿ ಬಣ್ಣವೇ ಎಳೆಗಳ ನಡುವೆ ಗಟ್ಟಿಯಾಗಿರುತ್ತದೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವುದು, ಹಿಂದಿನವನು ‘ಬಿಚ್ಚಿಕೊಳ್ಳದಿರಲಿ’ ಎಂದು ಹಾಕಿದ ತಿರುಪಿನ ಅಂಟು.

ಈ ಅಂಟಿನ ಕಥೆ ರಸಾಯನಶಾಸ್ತ್ರದ ಸೊಗಸಾದ ಕಥೆಗಳಲ್ಲಿ ಒಂದು. ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನದ ಪ್ರಾಧ್ಯಾಪಕರಾಗಿದ್ದ ವರ್ನನ್ ಕ್ರೀಬಲ್ 1953ರಲ್ಲಿ ಸ್ಥಾಪಿಸಿದ ಪುಟ್ಟ ಕಂಪನಿಯಿಂದ ಹೊರಟ ‘ಲಾಕ್‌ಟೈಟ್’ ಎಂಬ ಈ ದ್ರವದ ಸ್ವಭಾವ ಉಳಿದ ಅಂಟುಗಳದಕ್ಕೆ ವಿಪರೀತವಾದುದು: ಗಾಳಿ ತಗುಲುತ್ತಿರುವವರೆಗೂ ಅದು ನೀರಾಗಿಯೇ ಇರುತ್ತದೆ, ಲೋಹದೆಳೆಗಳ ನಡುವೆ ಸಿಕ್ಕಿ, ಆಮ್ಲಜನಕ ತಪ್ಪಿಹೋದ ಒಡನೆ, ಲೋಹದ ಸಂಪರ್ಕವೇ ಪ್ರೇರಕವಾಗಿ, ಗಟ್ಟಿಕಟ್ಟತೊಡಗುತ್ತದೆ. ಆದುದರಿಂದಲೇ ಅದರ ಸೀಸೆಯನ್ನು ಎಂದಿಗೂ ಪೂರ್ತಿ ತುಂಬುವುದಿಲ್ಲ. ಗಾಳಿಗೆ ಸ್ಥಳ ಬಿಟ್ಟಿರುತ್ತಾರೆ. ನೀಲಿಯ ಬಗೆಯು ಸಾಮಾನ್ಯ ಸಲಕರಣೆಯಿಂದ ಬಿಚ್ಚಲು ಬರುವಂಥದು; ಕೆಂಪಿನ ಬಗೆಯು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಕಾಣದೆ ಸೋಲದು. ದುರ್ಬೀನಿನ ತಳಪಟ್ಟಿಗೆ ಕೆಂಪನ್ನು ಬಳಸುವವರನ್ನು ಕಂಡರೆ ನನಗೆ ಮುಂದೆ ಅದನ್ನು ಬಿಚ್ಚಬೇಕಾದವನ ಮೇಲೆ ಮರುಕ ಹುಟ್ಟುತ್ತದೆ. ಗುಂಡು ಹಾರುವ ಪ್ರತಿಸಲವೂ ನೂರೆಪ್ಪತ್ತು ಪಟ್ಟು ಗುರುತ್ವವನ್ನು ತಿನ್ನುವ ತಿರುಪಿಗೆ ಭದ್ರತೆ ಬೇಡವೆಂದಲ್ಲ. ಶುದ್ಧವಾದ ಎಳೆಯೂ ಸರಿಯಾದ ಬಿಗಿಯೂ ಕೊಡಬೇಕಾದ ಭದ್ರತೆಯನ್ನು ಅಂಟಿನಿಂದ ಎರವಲು ತರುವುದು ಸೋಮಾರಿತನ.

ಕೆಲಸಕ್ಕೆ ಕೈಹಾಕುವ ಮುನ್ನ ತೋಟಾಗಳನ್ನು ತೆಗೆದು, ತೋಟಾ ಕೂರುವ ಕೊಠಡಿ ಬರಿದಾಗಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಅದನ್ನು ಮುಚ್ಚುವ ಬೋಲ್ಟನ್ನು ಹೊರಗೆಳೆದಿಡತಕ್ಕದ್ದು, ಇದಕ್ಕೆ ವಿನಾಯಿತಿಯಿಲ್ಲ. ಅನಂತರದ ಮೊದಲ ಕೆಲಸ ಹಳೆಯ ತಿರುಪನ್ನು ಅದರ ತಲೆ ಕೆಡದಂತೆ ಹೊರತರುವುದು. ತಲೆಯ ಗಾಡಿಯಲ್ಲಿ, ಎಂದರೆ ಸೀಳಿನಲ್ಲಿ, ಕುಳಿತ ಬಣ್ಣವನ್ನೂ ಧೂಳನ್ನೂ ಮೊನಚು ಸೂಜಿಯಿಂದ ಕೆದಕಿ ತೆಗೆದು, ಗಾಡಿಗೆ ಸಂದಿಲ್ಲದೆ ಕೂರುವ ತಿರುಪುಳಿಯನ್ನೇ ಆರಿಸಿಕೊಳ್ಳಬೇಕು. ಮನೆಬಳಕೆಯ ತಿರುಪುಳಿಯ ತುದಿ ಇಳಿಜಾರಾಗಿರುತ್ತದೆ, ಬಲ ಹಾಕಿದಾಗ ಮೇಲಕ್ಕೆ ಜಾರಿ ತಲೆಯನ್ನು ಕಿತ್ತುಹಾಕುತ್ತದೆ. ಬಂದೂಕು ದುರಸ್ತಿಗಾರನದು ಎರಡೂ ಬದಿ ಸಮಾನಾಂತರವಾಗಿ ತೇದದ್ದು. ತಿರುಪು ಜಗ್ಗದಿದ್ದರೆ ಬೆಸುಗೆಯ ಕಾದ ಸಲಾಕೆಯನ್ನು ಅದರ ತಲೆಯ ಮೇಲೆ ಎರಡು ಮೂರು ನಿಮಿಷ ಊರಿ ಹಿಡಿದರೆ ಅಂಟು ಮೆತ್ತಗಾಗುತ್ತದೆ. ಶಾಖವು ತಿರುಪಿಗೆ ಮಾತ್ರ ಸಲ್ಲಬೇಕು. ಜ್ವಾಲೆಯನ್ನು ಬಂದೂಕಿನ ಮೈಗೆ ತೋರಿಸಿದವನು, ಮದ್ದಿನ ಒತ್ತಡವನ್ನು ತಡೆಯಲೆಂದು ಉಕ್ಕಿಗೆ ಕೊಟ್ಟ ಹದವನ್ನೇ ಕಳೆದು, ಅಂಟಿನ ಸಣ್ಣ ಕೇಡಿಗೆ ಬದಲಾಗಿ ಪ್ರಾಣಾಪಾಯವನ್ನು ಕೊಂಡುಕೊಂಡವನಾಗುತ್ತಾನೆ.

ತಿರುಪು ಹೊರಬಂದ ಬಳಿಕ ಅದನ್ನೇ ಮೊದಲು ಭೂತಗನ್ನಡಿಯಡಿಯಲ್ಲಿ ನೋಡುವುದು ಒಳ್ಳೆಯದು. ಕುಳಿಯ ಚರಿತ್ರೆಯೆಲ್ಲ ಅದರ ಮೈಮೇಲೆ ಬರೆದಿರುತ್ತದೆ. ಎಳೆಗಳ ನಡುವೆ ಬಿಳಿಚಿದ ನೀಲಿ ಪುಡಿ ಇದ್ದರೆ ಅಂಟು. ಕಂದು ಲೇಪವಿದ್ದರೆ ತುಕ್ಕು. ಸುರುಳಿ ಸುತ್ತಿದ ಹೊಳೆಯುವ ಉಕ್ಕಿನ ತಂತಿ ಸಿಕ್ಕಿದ್ದರೆ ಕೇಡು ದೊಡ್ಡದು, ಅದು ಕುಳಿಯ ಎಳೆಯೇ ಕಿತ್ತುಬಂದದ್ದು. ಮೊದಲ ಎರಡಕ್ಕೆ ಔಷಧ ಒಂದೇ, ತಾಳ್ಮೆ. ನಳಿಗೆಯ ಕೊಠಡಿಯೊಳಗೂ ಬೋಲ್ಟಿನ ಹಾದಿಯಲ್ಲಿಯೂ ಕಸ ಬೀಳದಂತೆ ಬಟ್ಟೆ ತುರುಕಿ, ಅಸಿಟೋನಿನಲ್ಲಿ ಅದ್ದಿದ ಬಿದಿರುಕಡ್ಡಿಯ ತುದಿಯನ್ನು ಎಳೆಯ ಜಾಡಿನಲ್ಲಿ ತಿರುಗಿಸಿದರೆ, ಮೊದಲು ಏನೂ ಬಾರದು. ಎರಡನೆಯ ಮೂರನೆಯ ಸಲಕ್ಕೆ ಕಡ್ಡಿಯ ತುದಿ ಬಣ್ಣಗೆಡುತ್ತದೆ. ಆಮೇಲೆ ಸಾಸಿವೆಗಿಂತ ಸಣ್ಣ ಹರಳುಗಳು ಅಂಟಿಕೊಂಡು ಮೇಲೆ ಬರತೊಡಗುತ್ತವೆ. ಗಟ್ಟಿಯಾಗಿ ಹೋದ ಅಂಟನ್ನು ಅಸಿಟೋನು ಕರಗಿಸುವುದಿಲ್ಲ. ಕಡ್ಡಿ ಸಡಿಲಿಸಿದ್ದನ್ನು ತೊಳೆದುಕೊಂಡು ಬರುತ್ತದೆ, ಅಷ್ಟೆ. ಕಿಟಕಿ ತೆರೆದು, ಬೆಂಕಿಯ ಸುಳಿವಿಲ್ಲದೆಡೆ ಕುಳಿತು, ಕಡ್ಡಿ ಶುಭ್ರವಾಗಿ ಹೊರಬರುವವರೆಗೆ ಇದನ್ನು ಮಾಡಬೇಕು.

ಕಡ್ಡಿಗೆ ಬಗ್ಗದ ಕೊಳೆಗೆ ಲೋಹವೇ ಬೇಕು. ಇಲ್ಲಿ ಬಹುಮಂದಿ ಟ್ಯಾಪನ್ನು ಕೈಗೆತ್ತಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಅಸ್ತ್ರವಾಗಬೇಕು, ಮೊದಲನೆಯದಲ್ಲ. ಟ್ಯಾಪು ಹುಟ್ಟಿರುವುದು ಕತ್ತರಿಸಲು. ಕೊಳೆಗೂ ಉಕ್ಕಿಗೂ ಅದಕ್ಕೆ ಭೇದವಿಲ್ಲ. ಒಂದಿಷ್ಟು ಓರೆಯಾಗಿ ಇಳಿದರೂ ಹಳೆಯ ಎಳೆಯ ಪಕ್ಕದಲ್ಲಿ ಹೊಸ ಎಳೆಯೊಂದನ್ನು ಕೆತ್ತಿಬಿಡುತ್ತದೆ. ಅನುಭವಿಗಳ ಉಪಾಯ ಬೇರೆ: ಅದೇ ಅಳತೆಯ ಒಂದು ಒಳ್ಳೆಯ ತಿರುಪನ್ನು ತೆಗೆದುಕೊಂಡು, ಅದರ ಮೈಯುದ್ದಕ್ಕೂ ಅರದಿಂದ ಒಂದು ಸಣ್ಣ ಗಾಡಿಯನ್ನು ಕೊರೆದು, ಅಂಚಿನ ಜುಂಗನ್ನು ತೇದು, ಎರಡು ತೊಟ್ಟು ಎಣ್ಣೆ ಹಾಕಿ, ಬೆರಳುಗಳಿಂದಲೇ ಕುಳಿಗೆ ಇಳಿಸುವುದು. ಅದು ಇದ್ದ ಎಳೆಯ ಜಾಡನ್ನೇ ಹಿಡಿದು ಹೋಗುತ್ತದೆ. ಕೊಳೆಯನ್ನು ಕೆರೆದು ಗಾಡಿಯಲ್ಲಿ ತುಂಬಿಕೊಳ್ಳುತ್ತದೆ. ಉಕ್ಕನ್ನು ಕಡಿಯುವ ಶಕ್ತಿ ಅದಕ್ಕಿಲ್ಲ. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ, ಆಗಾಗ ಪೂರ್ತಿ ಹೊರಗೆ ತೆಗೆದು ಒರೆಸಿ ಮತ್ತೆ ಒಳಕ್ಕೆ. ಗಾಡಿಯಲ್ಲಿ ಕರಿಯ ಕಸರು ತುಂಬಿಬರುವುದು ನಿಂತಾಗ ಕುಳಿ ಶುದ್ಧವಾಯಿತೆಂದು ಅರ್ಥ. ಪರೀಕ್ಷೆ ಬಹು ಸುಲಭ: ತಳಪಟ್ಟಿಯಿಲ್ಲದೆ, ತಿರುಪುಳಿಯಿಲ್ಲದೆ, ಎರಡು ಬೆರಳುಗಳಿಂದ ತಿರುಗಿಸಿದ ತಿರುಪು ಮೊದಲಿನಿಂದ ಕಡೆಯವರೆಗೆ ಒಂದೇ ಸಮನಾಗಿ ಇಳಿಯಬೇಕು.

ಟ್ಯಾಪನ್ನು ಹಿಡಿಯಲೇಬೇಕಾದ ಸಂದರ್ಭಗಳೂ ಉಂಟು: ತುಕ್ಕು ಎಳೆಯನ್ನು ಅರ್ಧ ತಿಂದಿರುವಾಗ, ಮೊದಲೆರಡು ಎಳೆಗಳು ಜಜ್ಜಿಹೋಗಿರುವಾಗ. ಆಗ ನೆನಪಿಡತಕ್ಕದ್ದು, ಟ್ಯಾಪಿನ ಅಳತೆ 6-48 ಆಗಿರಬೇಕು, 6-40 ಅಲ್ಲ. ತಳವಿರುವ ಕುರುಡು ಕುಳಿಗೆ ಮೂತಿ ಚೂಪಾದ ಟ್ಯಾಪಿನಿಂದ ಆರಂಭಿಸಿ, ಮೂತಿ ಮೊಂಡಾದ ತಳಟ್ಯಾಪಿನಿಂದ ಮುಗಿಸಬೇಕು. ಮೂರೂವರೆ ಮಿಲಿಮೀಟರಿನ ಟ್ಯಾಪು ಗಾಜಿನಂತೆ ಪೆಡಸು. ಅದು ಮುರಿಯುವ ಮುನ್ನ ಕೈಗೆ ಒಂದು ಸ್ಪ್ರಿಂಗಿನ ಸೆಳೆತ ತಿಳಿಯುತ್ತದೆ: ಹಿಡಿ ತಿರುಗುತ್ತದೆ, ತುದಿ ತಿರುಗುವುದಿಲ್ಲ. ಅಲ್ಲಿಗೆ ನಿಲ್ಲಿಸಿ ಹಿಂದಕ್ಕೆ ತಿರುಗಿಸಿದವನು ಬದುಕಿದ. ಮುಂದುವರಿದವನು, ಡ್ರಿಲ್ಲಿಗೂ ಬಗ್ಗದ ಗಡುಸು ಉಕ್ಕಿನ ತುಂಡೊಂದನ್ನು ಕುಳಿಯೊಳಗೆ ಶಾಶ್ವತವಾಗಿ ನೆಟ್ಟನು.

ಶಾಶ್ವತವಾಗಿ ಎಂಬುದು ಪೂರ್ತಿ ನಿಜವಲ್ಲ. ವಿದ್ಯುತ್ ಕಿಡಿಗಳಿಂದ ಲೋಹವನ್ನು ಕಣಕಣವಾಗಿ ಸವೆಸುವ ವಿಧಾನವನ್ನು ಸೋವಿಯತ್ ದೇಶದ ಲಜರೆಂಕೊ ದಂಪತಿಗಳು 1943ರಲ್ಲಿ ಬೆಳಕಿಗೆ ತಂದರು. ಅದೇ ದಶಕದಲ್ಲಿ ಅಮೆರಿಕದ ಎಂಜಿನಿಯರುಗಳೂ, ಅಚ್ಚಿನ ಬಿಡಿಭಾಗಗಳೊಳಗೆ ಮುರಿದು ನಿಂತ ಟ್ಯಾಪುಗಳನ್ನು ತೆಗೆಯುವ ಹಂಬಲದಿಂದಲೇ, ಅದೇ ದಾರಿಯನ್ನು ತುಳಿದರು. ತಂತಿಯಷ್ಟು ತೆಳುವಾದ ವಿದ್ಯುದ್ಧ್ರುವವು ಎಣ್ಣೆಯ ಮಡುವಿನಲ್ಲಿ ಚಿಟಿಚಿಟಿ ಕಿಡಿಯುಗುಳುತ್ತ ಮುರಿದ ಟ್ಯಾಪಿನ ನಡುವನ್ನಷ್ಟೇ ತಿಂದುಹಾಕುತ್ತದೆ. ಉಳಿದ ಚೂರುಗಳನ್ನು ಚಿಮಟದಿಂದ ಹೆಕ್ಕಬಹುದು. ಸುತ್ತಲ ಎಳೆಗೆ ಮುಕ್ಕಿಲ್ಲ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ವರ್ಕ್‌ಷಾಪುಗಳಲ್ಲಿ ಯಂತ್ರಭಾಗಗಳಿಂದ ಮುರಿದ ಟ್ಯಾಪನ್ನು ಹೊರತೆಗೆಯಲು ನಡೆಯುವುದೂ ಇದೇ ‘ಸ್ಪಾರ್ಕ್’ ಕೆಲಸ. ಬಂದೂಕನ್ನು ಮಾತ್ರ ಹಾಗೆ ಯಾವ ವರ್ಕ್‌ಷಾಪಿಗೂ ಒಯ್ಯಲಾಗದು: 1959ರ ಆಯುಧ ಕಾಯಿದೆಯ 5ನೆಯ ಪ್ರಕರಣವು ನಮ್ಮ ದೇಶದಲ್ಲಿ ಬಂದೂಕಿನ ದುರಸ್ತಿಯ ಕಸುಬಿಗೂ ಪರವಾನಗಿ ಬೇಕೆಂದು ವಿಧಿಸುತ್ತದೆ. ಲೈಸೆನ್ಸಿನ ವಿಷಯದಲ್ಲಿ ಬ್ರಿಟಿಷರ ಕಾಲದಿಂದಲೂ ವಿಶೇಷ ವಿನಾಯಿತಿ ಪಡೆದಿರುವ ಕೊಡವರ ಮನೆಗಳಲ್ಲಿ ಕೋವಿ ಇದೆ, ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ಪೂಜೆಯಿದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿದೆ. ಆದರೆ 1972ರ ವನ್ಯಜೀವಿ ಕಾಯಿದೆಯ ಬಳಿಕ ಬೇಟೆ ಕ್ರಮೇಣ ನಿಂತಿತು. ತೆಂಗಿನಕಾಯಿಗೆ ದುರ್ಬೀನು ಬೇಡ. ಹೀಗಾಗಿ ಈ ಕುಳಿಯ ಕಷ್ಟವು ಬಹುಮಟ್ಟಿಗೆ ಅಮೆರಿಕದವರದೇ.

ಎಳೆಯೇ ಕಿತ್ತುಹೋದ ಕುಳಿಗೆ ಅವರು ಕಂಡುಕೊಂಡ ಪರಿಹಾರ ಸರಳ: ದೊಡ್ಡದು ಮಾಡುವುದು. ಆರನೆಯ ನಂಬರಿನ ಕುಳಿಯನ್ನು ಕೊರೆದು ಎಂಟನೆಯ ನಂಬರಿಗೆ ಏರಿಸಿ, ಅಂಗುಲಕ್ಕೆ 40 ಎಳೆಯ ‘8-40’ ತಿರುಪನ್ನು ಹಾಕಿದರೆ, ದಪ್ಪ ನಾಲ್ಕು ಮಿಲಿಮೀಟರನ್ನು ಮೀರುತ್ತದೆ, ಹಿಡಿತವೂ ಹೆಚ್ಚುತ್ತದೆ. ಭಾರವಾದ ದುರ್ಬೀನು ಹೊರುವ ಬಂದೂಕುಗಳಿಗೆ ಕುಳಿ ಕೆಡದಿದ್ದರೂ ಇದನ್ನು ಮಾಡಿಸುವವರಿದ್ದಾರೆ. ಹಿತ್ತಲಿನ ಷೆಡ್ಡಿನಲ್ಲಿ ವಕ್ರವಾಗಿ ಕೊರೆದ ಹಳೆಯ ಕುಳಿಗಳನ್ನು ನಳಿಗೆಯ ಅಕ್ಷಕ್ಕೆ ಸರಿಯಾಗಿ ತಿದ್ದುವ ಅವಕಾಶವೂ ಈ ಹಿಗ್ಗಿಸುವಿಕೆಯಲ್ಲಿ ದೊರೆಯುತ್ತದೆ. ಆದರೆ ಇದು ಕೈಬೈರಿಗೆಯ ಕೆಲಸವಲ್ಲ. ಬಂದೂಕನ್ನು ಅಚ್ಚಿನಲ್ಲಿ ಬಿಗಿದು, ಯಂತ್ರದಲ್ಲಿ ಅಳೆದು ಕೊರೆಯಬೇಕು. ತಳಪಟ್ಟಿಯ ರಂಧ್ರಗಳನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಬೇಕು. ಕುಳಿಯನ್ನು ಬೆಸುಗೆಯಿಂದ ತುಂಬಿ ಹೊಸದಾಗಿ ಕೊರೆಯುವೆನೆಂದು ಹೊರಡುವವರ ಧೈರ್ಯ ಮಾತ್ರ ಎದೆ ನಡುಗಿಸುವಂಥದು: ಕುಳಿಗಳಿರುವುದು ಮದ್ದು ಸಿಡಿಯುವ ಕೊಠಡಿಯ ನೆತ್ತಿಯ ಹತ್ತಿರ.

ಕುಳಿ ಶುದ್ಧವಾಗಿ ಎಳೆ ಸರಿಯಾದ ಮೇಲೂ ಒಂದು ಮೋಸ ಉಳಿದಿರುತ್ತದೆ. ನಾಲ್ಕು ತಿರುಪುಗಳೂ ಒಂದೇ ಉದ್ದದವಲ್ಲ. ಮುಂದಿನ ಕುಳಿಗಳಲ್ಲಿ ಒಂದು ನಳಿಗೆಯ ಎಳೆಯ ಮೇಲಿರುತ್ತದೆ, ಇನ್ನೊಂದು ಬೋಲ್ಟಿನ ಕಿವಿಗಳು ಓಡಾಡುವ ಹಾದಿಯ ಮೇಲೆ ತೆರೆದಿರಬಹುದು. ಉದ್ದನೆಯದನ್ನು ಇಲ್ಲಿ ಹಾಕಿದರೆ ಬೋಲ್ಟು ಉಜ್ಜುತ್ತದೆ, ಇಲ್ಲವೆ ತಿರುಪಿನ ತುದಿ ನಳಿಗೆಗೆ ತಾಗಿ ಬಿಗಿಯ ಭ್ರಮೆ ಹುಟ್ಟುತ್ತದೆ. ಕೊಳೆಯನ್ನೆಲ್ಲ ತೆಗೆದ ಬಳಿಕವೂ ತಳಪಟ್ಟಿ ಅಲುಗಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನು. ಪ್ರತಿ ತಿರುಪನ್ನೂ ಬಿಗಿದಾದ ಮೇಲೆ ಬೋಲ್ಟನ್ನು ತೊಡಿಸಿ ಹಿಂದೆ ಮುಂದೆ ಆಡಿಸಿ ನೋಡುವುದು, ತಿರುಪಿನ ತುದಿ ಎರಡು ಎಳೆ ತೇದು ಗಿಡ್ಡವಾಗಬೇಕಾದರೆ ಹಾಗೆ ಮಾಡುವುದು, ಇಷ್ಟೇ ಕೆಲಸ.

ಕೊನೆಯದಾಗಿ ತಳಪಟ್ಟಿಯ ಅಡಿಯನ್ನೂ ಬಂದೂಕಿನ ನೆತ್ತಿಯನ್ನೂ ಜಿಡ್ಡಿಲ್ಲದಂತೆ ಒರೆಸಿ ಒಣಗಿಸಬೇಕು. 180 ಕಿಲೋ ಘರ್ಷಣೆಯ ಲೆಕ್ಕವು ಒಣ ಉಕ್ಕಿನದು, ಎಣ್ಣೆ ಸವರಿದ ಉಕ್ಕಿನದಲ್ಲ. ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದು, ಕಡೆಯ ಸುತ್ತನ್ನು ತಿರುಚುಮಾಪಕದಿಂದ ಮುಗಿಸತಕ್ಕದ್ದು. ಅಂಟು ಬೇಕೇ ಎಂದು ಕೇಳಿದರೆ, ನೀಲಿಯ ಬಗೆಯದು, ತಿರುಪಿನ ನಡುವಣ ಎಳೆಗಳಿಗೆ ಒಂದು ತೊಟ್ಟು, ಎಂದು ಹೇಳುವೆನು. ಕುಳಿಯೊಳಕ್ಕೆ ಸುರಿಯಬಾರದು, ತಳದಲ್ಲಿ ಹೆಪ್ಪುಗಟ್ಟಿದ್ದು ಮುಂದಿನ ಸಲ ಬಿದಿರುಕಡ್ಡಿಗೆ ಕೆಲಸ ತರುತ್ತದೆ. ಎಣ್ಣೆಯಂತೆ ಅದೂ ತಿರುಪನ್ನು ನುಣುಪು ಮಾಡುವುದರಿಂದ, ಅದನ್ನು ಹಾಕಿದಾಗ ತಯಾರಕರು ಹೇಳಿದ ಬಿಗಿಯ ಕೆಳಗಣ ಮಿತಿಗೆ ನಿಲ್ಲುವುದು ಲೇಸು. ಒಂದು ದಿನ ಒಣಗಲು ಬಿಟ್ಟು, ಇಪ್ಪತ್ತು ಗುಂಡು ಹಾರಿಸಿದ ಮೇಲೆ ತಿರುಚುಮಾಪಕವನ್ನು ಅದೇ ಅಳತೆಗಿಟ್ಟು ನಾಲ್ಕು ತಲೆಗಳಿಗೂ ಒಮ್ಮೆ ತಗುಲಿಸಿ ನೋಡಿದಾಗ, ಒಂದೂ ಮುಂದಕ್ಕೆ ಸರಿಯದಿದ್ದರೆ, ಗುಂಡುಗಳು ಇನ್ನೂ ಚೆದುರುತ್ತಿದ್ದ ಪಕ್ಷದಲ್ಲಿ, ಗಾಜನ್ನು ಶಪಿಸುವ ಹಕ್ಕು ಬೇಟೆಗಾರನಿಗೆ ಪ್ರಾಪ್ತವಾಗುತ್ತದೆ.